ವಿನಾಯಕಾ, ಟ್ಯೂಬು ತೆಗೆಯಲು ಅವಸರ ಮಾಡಬೇಡ

ಪ್ರೀತಿಯ ವಿನಾಯಕ,

ದಿನ ತುಂಬುವ ಮೊದಲೇ ಹುಟ್ಟಿದ ಪುಟ್ಟನ ತೂಕ ಏರುತ್ತಿದೆ, ಆದರೂ ಹಾಲು ಕೊಡುವ ಮೂಗಿನ ಟ್ಯೂಬು ಯಾಕೆ ತೆಗೆದಿಲ್ಲ ಎಂದು ಕೇಳಿದ್ದೀಯಲ್ಲ. ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿ, ಪ್ರತಿ ಸಲವೂ ಅದೇ ಟ್ಯೂಬು ನೋಡಿ ವಾಪಸ್ ಬರುವುದು ಎಷ್ಟು ಕಷ್ಟ ಅಂತ ಅರ್ಥವಾಗುತ್ತದೆ. ಇಲ್ಲಿ ಕಾರವಾರದಲ್ಲಿ ನಮ್ಮ ವಾರ್ಡಿಗೆ ಬರುವ ಅಪ್ಪಂದಿರೂ ಇದನ್ನೇ ಕೇಳುತ್ತಾರೆ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ತೂಕ ಒಂದೇ ಸಾಲದು. ಮಗು ಹೊಟ್ಟೆಯಲ್ಲಿದ್ದಾಗಲೇ ಚೀಪುತ್ತದೆ, ಗರ್ಭದ ನೀರನ್ನು ನುಂಗುತ್ತದೆ. ಆದರೆ ಅಲ್ಲಿ ಉಸಿರಾಡುವ ಕೆಲಸ ಇರಲಿಲ್ಲ. ಈಗ ಚೀಪಬೇಕು, ನುಂಗಬೇಕು, ನುಂಗುವ ಆ ಕ್ಷಣ ಉಸಿರು ತಡೆದು ಮತ್ತೆ ಎಳೆದುಕೊಳ್ಳಬೇಕು. ಯಕ್ಷಗಾನದಲ್ಲಿ ಭಾಗವತರ ಪದ, ಮದ್ದಳೆ, ಕುಣಿತ ಮೂರೂ ಒಂದೇ ತಾಳಕ್ಕೆ ಕೂಡಬೇಕಲ್ಲ, ಹಾಗೆ. ತಾಳ ತಪ್ಪಿದರೆ ಹಾಲು ಶ್ವಾಸಕೋಶಕ್ಕೆ ಹೋಗಬಹುದು. ಈ ಹೊಂದಾಣಿಕೆ ಸಾಮಾನ್ಯವಾಗಿ ಬಸಿರಿನ 32ರಿಂದ 34 ವಾರದ ಹೊತ್ತಿಗೆ ಶುರುವಾಗಿ, ಗಟ್ಟಿಯಾಗಲು 36-37 ವಾರ ಬೇಕಾಗುತ್ತದೆ. ನಿಮ್ಮ ಪುಟ್ಟ 29 ವಾರಕ್ಕೇ ಬಂದವನು. ಹುಟ್ಟಿದ ದಿನದಿಂದ ಎಣಿಸಬೇಡ, ಬಸಿರಿನ ವಾರ ಎಣಿಸು. ಅವನಿಗೆ ಈಗ 33 ಅಷ್ಟೇ.

ಹಾಗಂತ ಸುಮ್ನೆ ಕಾಯಬೇಕು ಅಂತಲ್ಲ. ಶುಭಾ ಅವನನ್ನು ಎದೆಗವಚಿಕೊಂಡು ಕೂರುತ್ತಾಳಲ್ಲ, ಆ ಕಾಂಗರೂ ಆರೈಕೆ ಜಾಸ್ತಿ ಹೊತ್ತು ನಡೆಯಲಿ. ನೀನೂ ಅಂಗಿ ಬಿಚ್ಚಿ ಕೂರಬಹುದು, ಅಪ್ಪಂದಿರು ನಾಚಿಕೊಳ್ಳುವುದೇ ಜಾಸ್ತಿ! ಹಾಲು ಹಿಂಡಿ ತೆಗೆದ ಮೇಲೆ ಬರೀ ಮೊಲೆ ಚೀಪಲು ಬಿಡಬಹುದಾ ಎಂದು ಸಿಸ್ಟರ್ ಹತ್ತಿರ ಕೇಳಿ. ಹಾಗೆ ಚೀಪಿ ಅಭ್ಯಾಸವಾದ ಮಕ್ಕಳು ಟ್ಯೂಬಿನಿಂದ ಬಾಯಿಗೆ ಬೇಗ ಬರುತ್ತಾರೆ.

ಆಮೇಲೆ ಒಳಲೆ (ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು), ಇಲ್ಲವೇ ಚಮಚ. ತಲೆ ಎತ್ತರದಲ್ಲಿಟ್ಟು, ತುದಿಯನ್ನು ತುಟಿಯ ಮೂಲೆಗೆ ತಾಗಿಸಿ, ತೊಟ್ಟು ತೊಟ್ಟಾಗಿ ಬಿಡಬೇಕು. ನುಂಗಿದ ಮೇಲೇ ಮುಂದಿನ ಗುಟುಕು. ಬೆರಳು ಅಗಲಿಸಿದರೆ, ಹುಬ್ಬೇರಿಸಿದರೆ, ಹಾಲು ಕಟಬಾಯಿಂದ ಸುರಿದರೆ, ಮುಖ ತಿರುಗಿಸಿದರೆ ಅವನಿಗೆ ಸಾಕಾಗಿದೆ, ನಿಲ್ಲಿಸಿಬಿಡಬೇಕು. ತುಟಿ ನೀಲಿಯಾದರೆ ತಕ್ಷಣ ಸಿಸ್ಟರನ್ನು ಕರೆಯಬೇಕು. ಉಳಿದ ಹಾಲು ಟ್ಯೂಬಿನಲ್ಲಿ ಹೋಗಲಿ, ಅದು ಸೋಲಲ್ಲ ಮಾರಾಯಾ. ಹತ್ತು ಎಂಎಲ್ ಮುಗಿಸಲೇಬೇಕು ಎಂದು ಒತ್ತಾಯ ಮಾಡಿದರೆ ಮಗುವಿಗೆ ಹಾಲೆಂದರೇ ಭಯವಾಗುತ್ತದೆ, ಇದನ್ನು ನಾನು ವಾರ್ಡಿನಲ್ಲಿ ಕಣ್ಣಾರೆ ನೋಡಿದ್ದೇನೆ.

ಆಯಿ ಬಾಟಲಿ ತಂದಿಟ್ಟಿದ್ದಾರಂತೆ, ಜೇನುತುಪ್ಪವನ್ನೂ ನೆಕ್ಕಿಸಬೇಕು ಅಂದರಂತೆ. ಬಾಟಲಿಯಿಂದ ಹಾಲು ರಭಸವಾಗಿ ಬರುತ್ತದೆ, ಇಷ್ಟು ಪುಟ್ಟ ಮಗುವಿಗೆ ತಡೆಯಲಾಗುವುದಿಲ್ಲ. ಜೇನಂತೂ ವರ್ಷ ತುಂಬುವವರೆಗೆ ಬೇಡವೇ ಬೇಡ. ಆಯಿಗೆ ನೀನೇ ಸಮಾಧಾನದಲ್ಲಿ ಹೇಳು, ಶುಭಾಳ ಬಾಯಲ್ಲಿ ಹೇಳಿಸಬೇಡ. ಅವಳಿಗೆ ಎರಡು-ಮೂರು ಗಂಟೆಗೊಮ್ಮೆ ಹಾಲು ಹಿಂಡುವುದರಲ್ಲೇ ಸಾಕುಸಾಕಾಗಿರುತ್ತದೆ, ರಾತ್ರಿಯೂ ಬಿಡುವಿಲ್ಲ.

ಮನೆಗೆ ಕಳಿಸುವ ಮೊದಲು ಒಳಲೆಯಲ್ಲಿ ಕುಡಿಸುವುದನ್ನು, ಅದನ್ನು ತೊಳೆದು ಕುದಿಸುವುದನ್ನು ಸಿಸ್ಟರ್ ಎದುರಿಗೇ ನೀನೂ ಕಲಿತುಕೋ. ರಾತ್ರಿ ಪಾಳಿಯಲ್ಲಿ ಅರ್ಧ ನಿನ್ನದು.

ನಿನ್ನ
ಸವಿತಾ, ಕಾರವಾರ