ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ: ದಯವಿಟ್ಟು ನಮಗೊಂದು ಪರೀಕ್ಷೆ ಇಡಿ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ,

ಸಾರ್, ಪರೀಕ್ಷೆ ಮುಂದಕ್ಕೆ ಹಾಕಿ, ಗ್ರೇಸ್ ಮಾರ್ಕ್ಸ್ ಕೊಡಿ ಅಂತ ಸರ್ಕಾರಕ್ಕೆ ಪತ್ರ ಬರೆಯೋರು ತುಂಬ ಜನ ಇರ್ತಾರೆ. ನಾನು ಕೇಳ್ತಿರೋದು ಉಲ್ಟಾ. ನಮಗೆ ಪರೀಕ್ಷೆ ಇಡಿ. ಆಂಬುಲೆನ್ಸ್ ಹಿಂದುಗಡೆ ಪೇಷಂಟ್ ಪಕ್ಕ ಕೂರೋ ಪ್ರತಿಯೊಬ್ಬ ಇಎಂಟಿಗೂ (ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್), ನನ್ನನ್ನೂ ಸೇರಿಸಿ, ಸರ್ಕಾರದ ಕಡೆಯಿಂದ ಒಂದೇ ಪರೀಕ್ಷೆ ಇಡಿ, ಪಾಸಾದವರಿಗೆ ರಿಜಿಸ್ಟ್ರೇಷನ್ ನಂಬರ್ ಕೊಡಿ, ಫೇಲಾದವರನ್ನ ಮತ್ತೆ ಟ್ರೇನಿಂಗ್‌ಗೆ ಕಳಿಸಿ. ನನ್ನ ಬೇಡಿಕೆ ಇಷ್ಟೇ, ಆದ್ರೆ ಇದನ್ನ ಕೇಳೋಕೆ ಹನ್ನೊಂದು ವರ್ಷ ಆಯ್ತು. ಕಾನೂನು ಏನು ಹೇಳತ್ತೆ ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ, ನಿಮ್ಮ ಟೇಬಲ್ ಮೇಲೇ ಇರತ್ತೆ. ಆಂಬುಲೆನ್ಸ್ ಒಳಗೆ ಏನಾಗತ್ತೆ ಅನ್ನೋದನ್ನ ಮಾತ್ರ ಹೇಳ್ತೀನಿ, ಯಾಕಂದ್ರೆ ಬಾಗಿಲು ಹಾಕಿದ ಮೇಲೆ ಅಲ್ಲಿ ನಾವು ಮತ್ತೆ ಪೇಷಂಟು ಬಿಟ್ರೆ ಬೇರೆ ಯಾರೂ ಇರಲ್ಲ.

ಕಳೆದ ಮಳೆಗಾಲದಲ್ಲಿ ಆಗಿದ್ದು. ನಾವು ಒಬ್ಬ ಪೇಷಂಟನ್ನ ಆಸ್ಪತ್ರೆಗೆ ಬಿಟ್ಟು ಖಾಲಿ ಗಾಡಿಲಿ ವಾಪಸ್ ಬರ್ತಿದ್ವಿ, ರಾತ್ರಿ ಒಂದೂವರೆ ಇರಬಹುದು, ಹೈವೇ ಪಕ್ಕ ಇನ್ನೊಂದು ಆಂಬುಲೆನ್ಸ್ ಲೈಟ್ ಹಾಕ್ಕೊಂಡು ನಿಂತಿತ್ತು. ಟಯರ್ ಬರ್ಸ್ಟ್ ಆಗಿತ್ತು, ಡ್ರೈವರ್ ಜ್ಯಾಕ್ ಹಿಡ್ಕೊಂಡು ಒದ್ದಾಡ್ತಿದ್ದ. ನಮ್ಮ ಪೈಲಟ್ ಅಣ್ಣ ಗಾಡಿ ನಿಲ್ಸಿದ್ರು, ನಾನು ಇಳಿದು ಹೋಗಿ ಹಿಂದಿನ ಬಾಗಿಲು ತೆಗ್ದೆ. ಸಾರ್, ಆ ಬಾಗಿಲು ತೆಗೆದಾಗ ಕಂಡಿದ್ದು ಇವತ್ತಿಗೂ ಕಣ್ಣಿಂದ ಹೋಗಿಲ್ಲ.

ಸ್ಟ್ರೋಕ್ ಆದ ಪೇಷಂಟು, ಐವತ್ತರ ಆಸುಪಾಸು, ಪ್ರಜ್ಞೆ ಇಲ್ಲ, ಅಂಗಾತ ಮಲಗ್ಸಿದಾರೆ. ನಾಲಿಗೆ ಹಿಂದಕ್ಕೆ ಬಿದ್ದು ಗೊರಗೊರ ಅಂತ ಸದ್ದು ಬರ್ತಿದೆ, ಬಾಯಿ ತುಂಬ ಜೊಲ್ಲು. ಪಕ್ಕದಲ್ಲಿ ಇಪ್ಪತ್ತು ದಾಟಿರದ ಒಬ್ಬ ಹುಡುಗ ನನ್ನ ಹಾಗೇ ಯೂನಿಫಾರ್ಮ್ ಹಾಕ್ಕೊಂಡು ಆಂಬು ಬ್ಯಾಗ್, ಅಂದ್ರೆ ಕೈಯಲ್ಲಿ ಒತ್ತಿ ಉಸಿರು ಕೊಡೋ ಚೀಲ, ಒತ್ತುತ್ತಾ ಅಳ್ತಿದಾನೆ. ಮಾಸ್ಕ್ ತಲೆಕೆಳಗಾಗಿ ಹಿಡಿದಿದ್ದ, ಚೂಪಾದ ತುದಿ ಗಲ್ಲದ ಕಡೆ ಇತ್ತು. ಆಕ್ಸಿಜನ್ ಪೈಪು ಬ್ಯಾಗಿಂದ ಕಳಚಿಕೊಂಡು ನೆಲದ ಮೇಲೆ ಬಿದ್ದಿತ್ತು, ಅದು ಅವನಿಗೆ ಗೊತ್ತೇ ಆಗಿರ್ಲಿಲ್ಲ. ಬೆರಳಿಗೆ ಹಾಕಿದ್ದ ಮೆಷಿನ್‌ನಲ್ಲಿ ಸ್ಯಾಚುರೇಷನ್, ಅಂದ್ರೆ ರಕ್ತದಲ್ಲಿರೋ ಆಕ್ಸಿಜನ್, 71, ತೀರಾ ಕಡಿಮೆ. ಪೇಷಂಟ್ ಮಗಳು ಮುಂದಿನ ಸೀಟಿಂದ ತಿರುಗಿ ತಿರುಗಿ ನೋಡಿ "ಅಪ್ಪಂಗೆ ಆಕ್ಸಿಜನ್ ಕೊಡ್ತಿದಾರಲ್ವಾ, ಸರಿ ಹೋಗ್ತಾರಲ್ವಾ" ಅಂತ ಕೇಳ್ತಿದ್ಳು.

ನಾನೇನೂ ಪವಾಡ ಮಾಡ್ಲಿಲ್ಲ. ಸಕ್ಷನ್ ಹಾಕಿ ಬಾಯಿ ಕ್ಲೀನ್ ಮಾಡ್ದೆ, ದವಡೆ ಮುಂದಕ್ಕೆ ಎತ್ತಿ ಹಿಡ್ದೆ, ಮಾಸ್ಕ್ ಸರಿಯಾಗಿ ಕೂರ್ಸಿದೆ, ಪೈಪ್ ಸಿಕ್ಕಿಸಿದೆ. ಆಮೇಲೆ ಅವರನ್ನ ನಮ್ಮ ಗಾಡಿಗೆ ಶಿಫ್ಟ್ ಮಾಡಿದ್ವಿ, ದಾರಿಯುದ್ದಕ್ಕೂ ಆರು ಸೆಕೆಂಡಿಗೆ ಒಂದು ಸಲ ಮಾತ್ರ ಒತ್ತು, ಜೋರಾಗಿ ಒತ್ತಬೇಡ, ಗಾಳಿ ಹೊಟ್ಟೆಗೆ ಹೋಗತ್ತೆ ಅಂತ ಆ ಹುಡುಗನಿಗೆ ಹೇಳ್ತಾ ಬಂದೆ, ಅವನು ಕಣ್ಣೀರು ಒರೆಸ್ಕೊಂಡು ಒಂದು, ಎರಡು, ಮೂರು ಅಂತ ಎಣಿಸ್ತಾ ಬಂದ. ಆಸ್ಪತ್ರೆ ತಲುಪೋ ಹೊತ್ತಿಗೆ 93 ಬಂತು. ಇದೆಲ್ಲ ನಮ್ಮ ಕೆಲಸದ ಅ ಆ ಇ ಈ ಸಾರ್, ಡಮ್ಮಿ (ಕಲಿಯೋಕೆ ಇಡೋ ಮನುಷ್ಯಾಕಾರದ ಗೊಂಬೆ) ಮೇಲೆ ಮೊದಲ ವಾರ ಕಲಿಸ್ಬೇಕಾದ್ದು. ಆ ಹುಡುಗ ಕೊನೆಗೆ ನನ್ನನ್ನ ಕೇಳಿದ್ದು ಒಂದೇ ಮಾತು, "ಅಕ್ಕಾ, ನನಗೆ ಇದನ್ನ ಯಾರೂ ಹೇಳಿಕೊಟ್ಟೇ ಇರ್ಲಿಲ್ವಲ್ಲ, ನಾನು ಕೆಟ್ಟವನಾ?"

ಕ್ಯಾಶುವಾಲ್ಟಿಯಲ್ಲಿ ಡ್ಯೂಟಿ ಡಾಕ್ಟರ್ ನಮ್ಮಿಬ್ಬರನ್ನೂ ನೋಡಿ "ಇಬ್ಬರಲ್ಲಿ ಟೆಕ್ನಿಷಿಯನ್ ಯಾರು?" ಅಂತ ಕೇಳಿದ್ರು. ನಾನೂ ನಾನು ಅಂದೆ, ಅವನೂ ನಾನು ಅಂದ. ಇಬ್ಬರು ಹೇಳಿದ್ದೂ ನಿಜ. ಅವನ ಮೊಬೈಲಲ್ಲಿ ಸರ್ಟಿಫಿಕೇಟ್ ಫೋಟೋ ಇತ್ತು, ತೋರಿಸ್ದ. ನನ್ನದರಲ್ಲಿ ಏನು ಬರೆದಿದೆಯೋ ಅವನದರಲ್ಲೂ ಅದೇ ಬರೆದಿದೆ, ಅದೇ ಥರ ಬಂಗಾರದ ಬಣ್ಣದ ಸೀಲು. ಹನ್ನೊಂದು ವರ್ಷ ಮಾಡಿದ ನಾನು, ಹನ್ನೊಂದು ದಿನದ ಹಿಂದೆ ಸೇರಿದ ಅವನು, ಕಾಗದದ ಮೇಲೆ ಇಬ್ಬರೂ ಒಂದೇ. ಪೇಷಂಟ್ ಮನೆಯವರಿಗೆ ನಮ್ಮಿಬ್ಬರಲ್ಲಿ ವ್ಯತ್ಯಾಸ ಗೊತ್ತಾಗೋಕೆ ಯಾವ ದಾರಿನೂ ಇಲ್ಲ. ಅವರ ಪಾಲಿಗೆ ಯಾರು ಬರ್ತಾರೋ ಅದು ಅವರ ಹಣೆಬರಹ. ಯಾಕೆ ಸಾರ್ ಹೀಗೆ?

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಅವನ ಥರಾನೇ ಬಂದವಳು. ಪಿಯುಸಿ ಮುಗಿಸಿ, ಮನೆಯಲ್ಲಿ ಸಾಲ ಮಾಡಿಸಿ ಒಂದು ಇನ್‌ಸ್ಟಿಟ್ಯೂಟ್ ಸೇರಿದೆ. ಆಸ್ಪತ್ರೆ ಪೋಸ್ಟಿಂಗ್ ಇದೆ, ಲೇಬರ್ ರೂಮ್ ಇದೆ, ಆಂಬುಲೆನ್ಸ್‌ನಲ್ಲಿ ಸೀನಿಯರ್ ಜೊತೆ ಓಡಾಟ ಇದೆ ಅಂತ ಹೇಳಿದ್ರು. ಪೋಸ್ಟಿಂಗ್ ಅಂದ್ರೆ ರಿಸೆಪ್ಷನ್‌ನಲ್ಲಿ ಕೂತು ಹೆಸರು ಬರೆಯೋದಾಗಿತ್ತು. ಇಡೀ ಬ್ಯಾಚಿಗೆ ಒಂದು ಡಮ್ಮಿ, ಅದರ ಎದೆ ಸ್ಪ್ರಿಂಗ್ ಕಿತ್ತುಹೋಗಿತ್ತು, ಎಷ್ಟು ಒತ್ತಿದ್ರೂ ಒಂದೇ. ಎದೆ ಒತ್ತೋವಾಗ ಕನಿಷ್ಠ ಐದು ಸೆಂಟಿಮೀಟರ್ ಕೆಳಗೆ ಹೋಗ್ಬೇಕು, ನಿಮಿಷಕ್ಕೆ 100ರಿಂದ 120, ಪ್ರತಿ ಸಲ ಎದೆ ಪೂರ್ತಿ ಮೇಲೆ ಬರೋಕೆ ಬಿಡಬೇಕು ಅನ್ನೋದು ಕೈಗೆ ಬರೋದು ಒಳ್ಳೆ ಡಮ್ಮಿ ಮೇಲೆ ಬೆವರು ಸುರಿಸಿದ್ರೆ ಮಾತ್ರ. ನಮಗೆ ಕೊಟ್ಟ ಜೆರಾಕ್ಸ್ ನೋಟ್ಸ್‌ನಲ್ಲಿ ಮೊದಲು ಏರ್‌ವೇ (ಉಸಿರಿನ ದಾರಿ ಬಿಡಿಸೋದು), ಆಮೇಲೆ ಉಸಿರು, ಆಮೇಲೆ ಎದೆ ಒತ್ತೋದು ಅಂತಲೇ ಇತ್ತು. ಹೃದಯ ನಿಂತವರಿಗೆ ಮೊದಲು ಎದೆ ಒತ್ತೋಕೆ ಶುರು ಮಾಡಿ ಅಂತ ಗೈಡ್‌ಲೈನ್ 2010ರಲ್ಲೇ ಬದಲಾಗಿತ್ತು. ಅದನ್ನ ನನಗೆ ಹೇಳಿದ್ದು ಕೆಲಸಕ್ಕೆ ಸೇರಿ ಎಷ್ಟೋ ತಿಂಗಳಾದ ಮೇಲೆ ಕ್ಯಾಶುವಾಲ್ಟಿಯ ಒಬ್ಬ ಸಿಸ್ಟರ್. ಅಲ್ಲಿವರೆಗೆ ನಾನು ಹಳೇ ಥರಾನೇ ಮಾಡ್ತಿದ್ದೆ ಸಾರ್. ಅಲ್ಲಿವರೆಗೆ ಬಂದವರಲ್ಲಿ ಯಾರಿಗಾದ್ರೂ ನನ್ನಿಂದ ತೊಂದರೆ ಆಯ್ತಾ ಅಂತ ಈಗಲೂ ಕೆಲವು ರಾತ್ರಿ ಲೆಕ್ಕ ಹಾಕ್ತೀನಿ. ಆ ಲೆಕ್ಕ ಮುಗಿಯಲ್ಲ.

ಅದಕ್ಕೇ ಕೇಳ್ತಿರೋದು, ಪರೀಕ್ಷೆ ಇಡಿ ಅಂತ. ಸೇರೋಕೆ ಮುಂಚೆ ಯಾರಾದ್ರೂ ನನ್ನನ್ನ ಡಮ್ಮಿ ಮುಂದೆ ನಿಲ್ಲಿಸಿ ಮಾಡಿ ತೋರಿಸು ಅಂದಿದ್ರೆ ನಾನು ಅವತ್ತೇ ಫೇಲ್ ಆಗ್ತಿದ್ದೆ, ಕಲಿತು ಬರ್ತಿದ್ದೆ.

ಆಂಬುಲೆನ್ಸ್ ಓಡಿಸೋ ನಮ್ಮ ಪೈಲಟ್ ಅಣ್ಣ ಲೈಸೆನ್ಸ್ ತಗೊಳ್ಳೋಕೆ ಟೆಸ್ಟ್ ಕೊಟ್ಟಿದಾರೆ. ಅದು ಕಾಲಕಾಲಕ್ಕೆ ರಿನ್ಯೂ ಆಗ್ಬೇಕು. ಗಾಡಿಗೂ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು. ಪೇಷಂಟಿನ ಉಸಿರು ಕೈಯಲ್ಲಿ ಹಿಡಿದಿರೋ ನನಗೆ? ಹನ್ನೊಂದು ವರ್ಷದಲ್ಲಿ ಒಬ್ಬೇ ಒಬ್ಬ ಅಧಿಕಾರಿ ಬಂದು ನಿನಗೆ ಕೆಲಸ ಬರತ್ತಾ ಅಂತ ಕೇಳಿಲ್ಲ. ನಮ್ಮ ರಾಜ್ಯದಲ್ಲಿ 108 ಶುರುವಾಗಿದ್ದು 2008ರ ನವೆಂಬರ್ 1ಕ್ಕೆ. ಅವತ್ತು ಹುಟ್ಟಿದ ಮಕ್ಕಳು ಎಸ್ಸೆಸ್ಸೆಲ್ಸಿ ವಯಸ್ಸು ದಾಟಿದ್ರು. ಆಂಬುಲೆನ್ಸ್ ಎಷ್ಟು ಹೊಸದು ಬಂತು ಅಂತ ಫೋಟೋ ಬರತ್ತೆ, ಒಳಗೆ ಕೂರೋರ ಬಗ್ಗೆ ಸುದ್ದಿನೇ ಇಲ್ಲ.

ಬೇರೆ ಕಡೆ ಇದೇನು ಹೊಸದಲ್ಲ. ಅಮೆರಿಕದಲ್ಲಿ 1970ರಿಂದ ಇಎಂಟಿಗಳಿಗೆ ನ್ಯಾಷನಲ್ ರಿಜಿಸ್ಟ್ರಿ ಇದೆ, ಪಾಸಾದ ಮೇಲೂ ಸುಮ್ನೆ ಬಿಡಲ್ಲ, ಎರಡು ವರ್ಷಕ್ಕೊಂದು ಸಲ ಸರ್ಟಿಫಿಕೇಟ್ ರಿನ್ಯೂ ಮಾಡಿಸ್ಬೇಕು. ಬ್ರಿಟನ್‌ನಲ್ಲಿ ರಿಜಿಸ್ಟರ್ ಆಗದೇ ಇರೋರು ಪ್ಯಾರಾಮೆಡಿಕ್ ಅಂತ ಹೇಳಿಕೊಂಡ್ರೆ ಅದೇ ಅಪರಾಧ. ನಮ್ಮಲ್ಲಿ ಕಾನೂನು ಇಲ್ಲ ಅಂತಾನೂ ಅಲ್ಲ. 2021ರಲ್ಲಿ ಸಂಸತ್ತು ಡಾಕ್ಟರ್, ನರ್ಸ್ ಬಿಟ್ಟು ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡೋ ಬೇರೆಯವರಿಗಾಗಿ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆ ಮಾಡ್ತು, ಅದರ ಪಟ್ಟಿಯಲ್ಲಿ ನಮ್ಮ ಎಮರ್ಜೆನ್ಸಿ ಕೆಲಸದ ಹೆಸರೂ ಇದೆ. ಅಲೈಡ್ ಹೆಲ್ತ್ ಅಂತ ಕರೆಸ್ಕೊಳ್ಳೋಕೆ ಕನಿಷ್ಠ 2,000 ಗಂಟೆ ಓದು, ಹೆಲ್ತ್‌ಕೇರ್ ಪ್ರೊಫೆಷನಲ್ ಆಗೋಕೆ 3,600 ಗಂಟೆ ಅಂತ ಬರೆದಿದೆ. ಓದಿ ಖುಷಿ ಆಯ್ತು. 2024ರ ಆಗಸ್ಟಲ್ಲಿ ಸುಪ್ರೀಂ ಕೋರ್ಟೇ ಕೇಂದ್ರಕ್ಕೂ ರಾಜ್ಯಗಳಿಗೂ ಎರಡು ತಿಂಗಳು ಟೈಮ್ ಕೊಟ್ಟು ಇದನ್ನ ಜಾರಿ ಮಾಡಿ ಅಂತು. ಅದನ್ನೂ ಓದಿ ಖುಷಿ ಪಟ್ಟೆ.

ಆ ಖುಷಿಯಲ್ಲೇ ರಜೆ ಹಾಕಿ ಒಂದು ಕಚೇರಿಗೆ ಹೋದೆ, ನಾನು ರಿಜಿಸ್ಟರ್ ಆಗ್ಬೇಕು ಏನ್ ಮಾಡ್ಲಿ ಅಂತ ಕೇಳೋಕೆ. ಕೌಂಟರ್‌ನಲ್ಲಿದ್ದವರು "ಇಎಂಟಿ ಅಂದ್ರೆ ಲ್ಯಾಬ್ ಟೆಕ್ನಿಷಿಯನ್ನಾ?" ಅಂದ್ರು. ಅಲ್ಲ ಸಾರ್, ಆಂಬುಲೆನ್ಸ್ ಅಂದೆ. ಆಂಬುಲೆನ್ಸ್ ಆದ್ರೆ ಬೇರೆ ಇಲಾಖೆ ಅಂದ್ರು. ಅಲ್ಲಿಗೆ ಹೋದ್ರೆ ಕೋರ್ಸಿನ ವಿಷಯ ಇಲ್ಲಿ ಬರಲ್ಲ, ನೀವು ಎಲ್ಲಿಂದ ಬಂದ್ರೋ ಅಲ್ಲೇ ಕೇಳಿ ಅಂದ್ರು. ಮೂರು ರಜೆ ಹೋಯ್ತು, ಮೂರು ದಿನದ ಸಂಬಳ ಹೋಯ್ತು. ಕೊನೇ ದಿನ ಒಬ್ಬರು ಬೇಜಾರು ಮಾಡ್ಕೊಂಡು ಹೇಳಿದ್ರು, "ನಿಮ್ಮ ಸರ್ಟಿಫಿಕೇಟು ಮುಂದೆ ನಡೆಯತ್ತೋ ಇಲ್ವೋ ನನಗೂ ಗೊತ್ತಿಲ್ಲಮ್ಮ, ಸುಮ್ನೆ ಡ್ಯೂಟಿ ಮಾಡ್ಕೊಂಡಿರಿ". ಅವರು ಒಳ್ಳೇ ಮನಸ್ಸಿಂದಲೇ ಹೇಳಿದ್ದು. ಆದ್ರೆ ಸುಮ್ನೆ ಇರೋಕೆ ಆಗಲ್ಲ ಸಾರ್. ನಾಳೆ ಕಾಯ್ದೆ ಪೂರ್ತಿ ಜಾರಿಗೆ ಬಂದು ನಿನ್ನ ಕೋರ್ಸು ಸಾಲಲ್ಲ ಮನೆಗೆ ಹೋಗು ಅಂದ್ರೆ ನಾನು ಎಲ್ಲಿಗೆ ಹೋಗ್ಲಿ? ಗಾಡಿಯೊಳಗೇ ಹೆರಿಗೆ ಮಾಡಿಸಿದೀನಿ, ಹಾವು ಕಚ್ಚಿದವರನ್ನ ಉಸಿರು ನಿಲ್ಲದ ಹಾಗೆ ನೋಡ್ಕೊಂಡು ತಂದಿದೀನಿ, ಕೋವಿಡ್ ಟೈಮಲ್ಲಿ ಪಿಪಿಇ ಕಿಟ್ ಒಳಗೆ ನೀರೂ ಕುಡಿಯದೆ ಹನ್ನೆರಡು ಗಂಟೆ ಕೂತಿದೀನಿ. ಅದು ಯಾವ ರಿಜಿಸ್ಟರ್‌ನಲ್ಲೂ ಇಲ್ಲ. ಆ ಹುಡುಗನಿಗೆ ಏನೂ ಬರಲ್ಲ ಅನ್ನೋದೂ ಯಾವ ರಿಜಿಸ್ಟರ್‌ನಲ್ಲೂ ಇಲ್ಲ.

ಎರಡಕ್ಕೂ ಔಷಧಿ ಒಂದೇ. ಪರೀಕ್ಷೆ ಇಡಿ. ಬರೀ ಸರಿ ಉತ್ತರಕ್ಕೆ ಗೆರೆ ಎಳೆಯೋ ಪೇಪರ್ ಅಲ್ಲ, ಕೈಯಲ್ಲಿ ಮಾಡಿ ತೋರಿಸೋ ಪರೀಕ್ಷೆ. ಉಸಿರು ಕೊಡೋದು, ರಕ್ತ ನಿಲ್ಲಿಸೋದು, ಎದೆ ಒತ್ತೋದು, ಹೆರಿಗೆ, ಕತ್ತು ಅಲ್ಲಾಡದ ಹಾಗೆ ಗಾಡಿಗೆ ಹತ್ತಿಸೋದು, ಆಮೇಲೆ ಡಾಕ್ಟರ್ ಹತ್ರ ಒಂದು ನಿಮಿಷದಲ್ಲಿ ಪೇಷಂಟ್ ಕಥೆ ನೆಟ್ಟಗೆ ಹೇಳೋದು. ಈಗಾಗಲೇ ಕೆಲಸದಲ್ಲಿರೋರಿಗೆ ಸಂಬಳ ಕಟ್ ಆಗದ ಹಾಗೆ ಬ್ರಿಡ್ಜ್ ಕೋರ್ಸ್ ಮಾಡಿ, ಕಡಿಮೆ ಬಿದ್ದ ಗಂಟೆ ಅದರಲ್ಲಿ ತುಂಬಿಸಿ, ಆಮೇಲೆ ಪರೀಕ್ಷೆ ಇಡಿ. ಇನ್‌ಸ್ಟಿಟ್ಯೂಟ್‌ಗಳೇ ತಮ್ಮ ಹುಡುಗರನ್ನ ತಾವೇ ಪಾಸ್ ಮಾಡ್ಕೊಳ್ಳೋದು ನಿಲ್ಲಿಸಿ, ಹೊರಗಿನವರು ಬಂದು ಪರೀಕ್ಷೆ ಮಾಡ್ಲಿ. ಪಾಸಾದವರ ನಂಬರ್ ಯೂನಿಫಾರ್ಮ್ ಮೇಲೆ ಕಾಣೋ ಹಾಗೆ ಇರ್ಲಿ. ಪ್ರೈವೇಟ್ ಆಂಬುಲೆನ್ಸ್ ಇರ್ಲಿ ಸರ್ಕಾರಿ ಇರ್ಲಿ, ನಂಬರ್ ಇಲ್ಲದವರು ಪೇಷಂಟ್ ಪಕ್ಕ ಒಬ್ಬರೇ ಕೂರಬಾರದು.

ದುಡ್ಡಿಲ್ಲ ಅಂತ ಹೇಳ್ಬೇಡಿ ಸಾರ್, ಪರೀಕ್ಷೆ ಫೀಸ್ ನಾವೇ ಕಟ್ತೀವಿ. ಜನ ಬರಲ್ಲ ಅಂತಾನೂ ಹೇಳ್ಬೇಡಿ. ಆ ಹುಡುಗ ಈಗ ನನಗೆ ವಾರಕ್ಕೆರಡು ಸಲ ಫೋನ್ ಮಾಡಿ ಅಕ್ಕಾ ಇದು ಹೇಗೆ ಅಕ್ಕಾ ಅದು ಹೇಗೆ ಅಂತ ಕೇಳ್ತಾನೆ, ನಾನು ಗೊತ್ತಿರೋದನ್ನ ಫೋನಲ್ಲೇ ಹೇಳಿಕೊಡ್ತೀನಿ. ಉಸಿರು ಕೊಡೋದನ್ನ ಫೋನಲ್ಲಿ ಕಲಿಸೋ ಪರಿಸ್ಥಿತಿಗೆ ನಮ್ಮನ್ನ ತಂದಿದೀರಿ, ಇದನ್ನ ಹೇಳೋಕೆ ನನಗೆ ಸಂಕಟ ಆಗತ್ತೆ, ಕೇಳೋಕೆ ನಿಮಗೂ ಆಗ್ಬೇಕು.

ತಾರೀಖು ಹೇಳಿ. ನನಗೆ ಮುಂದಿನ ತಿಂಗಳು ಪೂರ್ತಿ ನೈಟ್ ಡ್ಯೂಟಿ ಇದೆ, ಬೆಳಗ್ಗೆ ಎಂಟಕ್ಕೆ ಮುಗಿಯತ್ತೆ. ಒಂಬತ್ತಕ್ಕೆ ಎಲ್ಲಿಗೆ ಬರ್ಬೇಕು ಅಂದ್ರೆ ಅಲ್ಲಿಗೆ ಬರ್ತೀನಿ, ಅವನನ್ನೂ ಕರ್ಕೊಂಡು ಬರ್ತೀನಿ. ಸ್ಪ್ರಿಂಗ್ ಸರಿ ಇರೋ ಒಂದು ಡಮ್ಮಿ ಇಟ್ಟಿರಿ ಸಾಕು.

ಇಂತಿ,
ಹನ್ನೊಂದು ವರ್ಷದಿಂದ ಆಂಬುಲೆನ್ಸ್ ಹಿಂದುಗಡೆ ಕೂತಿರೋ ಒಬ್ಬಳು ಇಎಂಟಿ