ಭಾನುವಾರದ ನಡಿಗೆಗೆ ಬರುವವರ ಗಮನಕ್ಕೆ

ಇಂಗ್ಲೆಂಡಿನ ಹ್ಯಾಂಪ್‌ಷೈರ್‌ನ ಆಲ್ರೆಸ್‌ಫರ್ಡ್‌ನಲ್ಲಿ ನೆಲ ಒದ್ದೆ, ಗಂಬೂಟು ಮರೀಬೇಡಿ.

ಅಲ್ಲಿನ ವಾಟರ್‌ಕ್ರೆಸ್ ಸೊಪ್ಪಿನ ಮಡಿಗಳಿಗೆ ಸುಣ್ಣಬಂಡೆಯೊಳಗಿನ ಒರತೆ ನೀರು, ವರ್ಷವಿಡೀ ಸುಮಾರು 10–11 ಡಿಗ್ರಿ. ಹೊಲಗಳ ಗೊಬ್ಬರ ಇಳಿದು ಅದರಲ್ಲಿ ನೈಟ್ರೇಟ್ ಮೊದಲೇ ಧಾರಾಳ. ಕಮ್ಮಿಯಿರೋದು ರಂಜಕ (ಫಾಸ್ಫರಸ್), ಅದನ್ನು ಬೆಳೆಗಾರರೇ ಹಾಕುತ್ತಾರೆ. ಹರಿಯುವ ನೀರಲ್ಲವೇ, ಸೊಪ್ಪು ಹೀರದೆ ಬಿಟ್ಟದ್ದು ಆಲ್ರೆ ಹೊಳೆಗೆ, ಅಲ್ಲಿಂದ ಇಚೆನ್ ನದಿಗೆ. ಮಡಿ ತೊಳೆದಾಗ ಕೆಸರಿಗಂಟಿಕೊಂಡೂ ಹೋಗುತ್ತದೆ. ಅದನ್ನು ತಡೆಯಲೆಂದೇ ಕೆಸರು ತಂಗುವ ಹೊಂಡಗಳು. ಹೊಳೆಯ ಒಂದು ಕಲ್ಲೆತ್ತಿ ಸವರಿ ನೋಡಿ: ಕಂದು ಲೋಳೆ ಅಂಟಿದರೆ ಅದೇ ರಂಜಕದಿಂದ ಕೊಬ್ಬುವ ಪಾಚಿ. ಅದು ಹೆಚ್ಚಿದರೆ ಬಿಳಿ ಹೂವಿನ ನೀರುಗಿಡಗಳು ಬೆಳಕಿಲ್ಲದೆ ಸೊರಗುತ್ತವೆ. ಪೂರಾ ತಪ್ಪನ್ನು ಸೊಪ್ಪಿನವರ ತಲೆಗೇ ಕಟ್ಟಬೇಡಿ, ಕೊಳಚೆ ನೀರಿನ ಪಾಲೂ ಇದೆ.

ತಾನಾಗಿ ಬೆಳೆದ ವಾಟರ್‌ಕ್ರೆಸ್ ಕಿತ್ತು ಹಸಿಯಾಗಿ ತಿನ್ನಬೇಡಿ. ದನ-ಕುರಿ ಮೇಯುವ ಕಡೆ ಪಿತ್ತಜನಕಾಂಗಕ್ಕೆ ಹೊಕ್ಕುವ ಲಿವರ್ ಫ್ಲೂಕ್ ಹುಳುವಿನ ಭಯ. ಅಂಗಡಿಯದ್ದೇ ತರೋಣ, ಕೋಸಂಬರಿಗೆ ಚೆನ್ನಾಗಿರುತ್ತೆ.