ಹಗ್ಗದ ಆ ತುದಿಯವಳಿಗೆ

ಕಳೆದ ಭಾನುವಾರ ಬಾದಾಮಿಯಲ್ಲಿ ಮತ್ತೆ ಬಂಡೆ ಏರಿದೆ. ಜನವರಿಯಲ್ಲಿ ಎಡಗಡೆಯ ಕೊರಳೆಲುಬು ಮುರಿದುಕೊಂಡ ಅದೇ ದಾರಿ. ನಡುವೆ ಹನ್ನೊಂದು ತಿಂಗಳು ಕಳೆದವು. ಅಷ್ಟು ದಿನ ನನ್ನನ್ನು ಹೊತ್ತವರ, ಉಣಿಸಿದವರ, ಬಯ್ದವರ ಲೆಕ್ಕ ದೊಡ್ಡದಿದೆ. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲವೆಂದು ಬರೆಯಲು ಕುಳಿತಿದ್ದೇನೆ.

ಮೊದಲು ಪಟಗದ ಅಜ್ಜನಿಗೆ. ನಾನು ಬಿದ್ದ ಸದ್ದಿಗೆ ಕುರಿಗಳನ್ನು ಬಿಟ್ಟು ಓಡಿ ಬಂದವರು ಅವರು. ಎಡಗೈಯನ್ನು ಬಲಗೈಯಲ್ಲಿ ಎತ್ತಿ ಹಿಡಿದುಕೊಂಡು ಕುಳಿತಿದ್ದೆ. ಉಸಿರು ಎಳೆದುಕೊಂಡರೂ ಒಳಗೆ ಕಟಕಟ ಎನ್ನುತ್ತಿತ್ತು. ನಮ್ಮ ಪ್ರಥಮ ಚಿಕಿತ್ಸೆಯ ಚೀಲದಲ್ಲಿ ಬೆರಳಿಗೆ ಸುತ್ತುವ ಪಟ್ಟಿ ಬಿಟ್ಟು ಬೇರೇನೂ ಇರಲಿಲ್ಲ. (ಬಂಡೆ ಏರುವವರು ಮೈಯಲ್ಲಿ ಬೆರಳುಗಳು ಮಾತ್ರ ಇವೆ ಎಂದುಕೊಂಡಿರುತ್ತೇವೆ.) ಅಜ್ಜ ನೋಡಿದರು, ಮಾತಾಡದೆ ತಲೆಯ ಪಟಗ ಬಿಚ್ಚಿದರು. ಆ ಸೀಮೆಯ ಹಿರಿಯರು ನಾಲ್ಕು ಜನರ ಎದುರು ಸುಮ್ಮನೆ ಪಟಗ ತೆಗೆಯುವವರಲ್ಲ. ಮೊಣಕೈಯ ಕೆಳಗೆ ಒಂದು ಸುತ್ತು, ಬಲಭುಜದ ಮೇಲೆ ಗಂಟು, ಎದೆಗೆ ಅಡ್ಡಲಾಗಿ ಇನ್ನೆರಡು ಸುತ್ತು. "ಎಷ್ಟು ಕುರಿಗಳ ಕಾಲು ಕಟ್ಟಿದ್ದೇನೆ, ಅಂಜಬೇಡ ತಂಗಿ" ಎಂದರು. ಆಸ್ಪತ್ರೆಯಲ್ಲಿ ಅದನ್ನು ಬಿಚ್ಚುತ್ತಾ ವೈದ್ಯರು ಕೇಳಿದ ಮೊದಲ ಪ್ರಶ್ನೆ, ಇದನ್ನು ಕಟ್ಟಿದವರು ಯಾರು ಎಂದು.

ಆ ವೈದ್ಯರಿಗೂ ನಮಸ್ಕಾರ. ಎಲುಬು ನಡುಭಾಗದಲ್ಲಿ ಮುರಿದಿತ್ತು, ತುಂಡುಗಳು ಹೆಚ್ಚು ಸರಿದಿರಲಿಲ್ಲ. ಪ್ಲೇಟು, ಸ್ಕ್ರೂ ಹಾಕಿದರೆ ಬೇಗ ಬಂಡೆಗೆ ಮರಳಬಹುದೆಂದು ನಾನೇ ಶಸ್ತ್ರಚಿಕಿತ್ಸೆ ಮಾಡಿ ಎಂದು ದುಂಬಾಲು ಬಿದ್ದೆ. ಅವರು ನಕ್ಕರು. ತಾಯಿಯ ಹೊಟ್ಟೆಯಲ್ಲಿ ಎಲ್ಲಕ್ಕಿಂತ ಮೊದಲು ಗಟ್ಟಿಯಾಗತೊಡಗುವ ಎಲುಬು ಇದು, ಆದರೆ ಬೆಳವಣಿಗೆ ಮುಗಿಸುವುದು ಎಲ್ಲಕ್ಕಿಂತ ಕೊನೆಗೆ, ಇಪ್ಪತ್ತು ದಾಟಿದ ಮೇಲೆ. ಇದಕ್ಕೆ ನಿನ್ನ ಅವಸರ ಅರ್ಥವಾಗುವುದಿಲ್ಲ ಎಂದರು. ಆರು ವಾರ ಜೋಳಿಗೆಯಲ್ಲಿ ಕೈ.

ಆ ಆರು ವಾರ ಅಪ್ಪನದು. ಅಕ್ಕನ ಬಾಣಂತನಕ್ಕೆಂದು ಅಮ್ಮ ಶಿವಮೊಗ್ಗದಲ್ಲಿದ್ದಳು. ಮನೆಯಲ್ಲಿ ನಾನು ಮತ್ತು ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದ ಅಪ್ಪ. ಮಲಗಿದರೆ ಎಲುಬು ಎಳೆಯುತ್ತಿತ್ತು, ಅದಕ್ಕೆ ತಮ್ಮ ಆರಾಮಕುರ್ಚಿಯನ್ನು ನನಗೆ ಬಿಟ್ಟುಕೊಟ್ಟು ತಾವು ಚಾಪೆಗೆ ಇಳಿದರು. ಅನ್ನ ಸಾರು ಅವರಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ನನ್ನ ಜಡೆ. ಒಂದು ಕೈಯಲ್ಲಿ ಜಡೆ ಹೆಣೆಯಲು ಬರುವುದಿಲ್ಲ. ಮೊದಲ ವಾರ ಅಪ್ಪ ಹಾಕಿದ್ದು ಜಡೆಯಲ್ಲ, ಲಾರಿಯ ಮೇಲಿನ ಸಾಮಾನಿಗೆ ಬಿಗಿಯುವ ಗಂಟು. ಹುಬ್ಬು ಮೇಲಕ್ಕೆ ಹೋಗುತ್ತಿತ್ತು. ಎರಡನೆಯ ವಾರ ಪಕ್ಕದ ಮನೆಯ ಹುಡುಗಿಯನ್ನು ಕೂರಿಸಿಕೊಂಡು ಕಲಿತರು. ಜೋಳಿಗೆ ಬಿಚ್ಚುವ ಹೊತ್ತಿಗೆ ಮೊಳ ಮಲ್ಲಿಗೆ ತಂದು ಮುಡಿಸುವಷ್ಟು ಪಳಗಿದ್ದರು. ಈಗ ಎರಡೂ ಕೈ ಸರಿಯಿವೆ ಎಂದು ಅವರಿಗೆ ಇನ್ನೂ ಪೂರ್ತಿ ಹೇಳಿಲ್ಲ.

ಪುತ್ತೂರಿಗೆ ಹೋಗಿ ಕಟ್ಟು ಹಾಕಿಸು ಎಂದು (ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ್ದು) ಒಂದು ತಿಂಗಳು ಹಟ ಹಿಡಿದು, ನಾನು ಒಪ್ಪದಿದ್ದರೂ ಪ್ರತಿ ಎಕ್ಸ್‌ರೇಗೆ ತಾವೇ ಕಾರು ತಂದ ದೊಡ್ಡಪ್ಪನಿಗೆ, ದಾವಣಗೆರೆಯಿಂದ ಬಸ್ಸಿನವರ ಕೈಯಲ್ಲಿ ಮಂಗರವಳ್ಳಿ ಚಟ್ನಿ ಕಳಿಸಿದ ಚಿಕ್ಕಮ್ಮನಿಗೆ ಕೂಡ ಋಣಿ. ಮೂಳೆ ಅದರಿಂದ ಕೂಡಿತೋ ಇಲ್ಲವೋ, ರೊಟ್ಟಿಗಂತೂ ಚೆನ್ನಾಗಿ ಕೂಡಿತು.

ಫಿಸಿಯೋಥೆರಪಿಯ ಅಕ್ಕ ಕೊಟ್ಟ ಮೊದಲ ಬಂಡೆ ನಮ್ಮ ಅಡುಗೆಮನೆಯ ಗೋಡೆ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ನಡೆಸಬೇಕು, ನೋವು ಶುರುವಾದಲ್ಲಿ ನಿಲ್ಲಬೇಕು. ಅಪ್ಪ ಅಲ್ಲಿ ಪೆನ್ಸಿಲ್ ಗೀಟು ಎಳೆದು ತಾರೀಖು ಬರೆಯುತ್ತಿದ್ದರು. ಮಾರ್ಚ್ 9ರ ಗೀಟು ಒಗ್ಗರಣೆ ಡಬ್ಬಿಯ ಮಟ್ಟದಲ್ಲಿದೆ. ಮೇ ತಿಂಗಳದ್ದು ಕ್ಯಾಲೆಂಡರಿನ ಮೊಳೆ ದಾಟಿದೆ. ಜುಲೈಯಲ್ಲಿ ಕಂಠೀರವ ಕ್ರೀಡಾಂಗಣದ ಕೃತಕ ಗೋಡೆಯ ಮೇಲೆ, ಮೇಲಿನಿಂದ ಇಳಿಬಿಟ್ಟ ಹಗ್ಗದಲ್ಲಿ, ಎಲ್ಲಕ್ಕಿಂತ ಸುಲಭದ ದಾರಿ ಏರಿ ಇಳಿದು ಅತ್ತೆ.

ಇನ್ನು ನಿನಗೆ. ಹೆಸರು ಬರೆದರೆ ನೀನು ಜಗಳವಾಡುತ್ತೀಯ, ಬರೆಯುವುದಿಲ್ಲ. ಅಂದು ಬಿಲೇ, ಅಂದರೆ ಕೆಳಗೆ ನಿಂತು ನನ್ನ ಹಗ್ಗ, ಹಿಡಿದವಳು ನೀನು. ಏರುವವಳ ಜೀವ ಕೆಳಗೆ ನಿಂತವಳ ಕೈಯಲ್ಲಿ ಎಂದು ಹೊಸಬರಿಗೆ ನಾವೇ ಹೇಳಿಕೊಡುತ್ತೇವೆ. ಆ ಮಾತನ್ನು ನೀನು ಇಷ್ಟು ದಿನ ಒಬ್ಬಳೇ ಹೊತ್ತು ತಿರುಗಿದೆ. ದಿನವೂ ಫೋನ್ ಮಾಡಿದೆ, ಹಗ್ಗ ಮಾತ್ರ ಮುಟ್ಟಲಿಲ್ಲ. ಆದ್ದರಿಂದ ಎಲ್ಲರ ಎದುರು ಬರೆಯುತ್ತೇನೆ: ತಪ್ಪು ನನ್ನದು. ಹಗ್ಗ ಸಿಕ್ಕಿಸಲೆಂದು ಬಂಡೆಗೆ ಕೂರಿಸಿದ ಬೋಲ್ಟ್‌ಗಳಲ್ಲಿ ಎರಡನೆಯದು ಸೊಂಟದ ಮಟ್ಟಕ್ಕೆ ಬರುವವರೆಗೆ ಏರಿ ಹಗ್ಗ ಸಿಕ್ಕಿಸಬೇಕಿತ್ತು. ನಾನು ಕೆಳಗಿನಿಂದಲೇ, ತಲೆಯ ಮೇಲೆ ಕೈ ಚಾಚಿ ಸಿಕ್ಕಿಸಲು ಹೋದೆ. ಹಾಗೆ ಮಾಡಲು ಒಂದು ಮಾರು ಹಗ್ಗ ಎಳೆದುಕೊಳ್ಳಬೇಕು. ಅದೇ ಗಳಿಗೆಯಲ್ಲಿ ಕಾಲು ಜಾರಿದರೆ ಎಳೆದದ್ದೆಲ್ಲ ಬೀಳುವ ದೂರಕ್ಕೆ ಸೇರುತ್ತದೆ. ನೆಲವೋ ಅಲ್ಲೇ ಇತ್ತು. ನೀನು ಹಿಂದಕ್ಕೆ ಓಡಿ ನೆಲಕ್ಕೆ ಕುಕ್ಕರಿಸಿದ್ದರಿಂದ ಕೊನೆಯ ಗಳಿಗೆಯಲ್ಲಾದರೂ ಹಗ್ಗ ಬಿಗಿಯಾಯಿತು, ಪೆಟ್ಟು ಒಂದು ಎಲುಬಿಗೆ ಮುಗಿಯಿತು. ನಿನ್ನ ಅಂಗೈ ಸುಲಿದಿದ್ದನ್ನು ನಾನು ಗಮನಿಸಿದ್ದು ಮರುದಿನ.

ಈ ಭಾನುವಾರ ಬಂದೆಯಲ್ಲ, ಅದಕ್ಕೆ. ಬಾದಾಮಿಯ ಕೆಂಪು ಮರಳುಗಲ್ಲು ಪದರ ಪದರವಾಗಿದೆ, ಹಿಡಿಗಳು ಅಡುಗೆಮನೆಯ ಗೂಡಿನ ಹಾಗೆ ಅಡ್ಡಡ್ಡ ಸಿಗುತ್ತವೆ. ಎರಡನೆಯ ಬೋಲ್ಟ್ ಸೊಂಟಕ್ಕೆ ಬಂದ ಮೇಲೆಯೇ ಹಗ್ಗ ಸಿಕ್ಕಿಸಿದೆ. ತುದಿಗೆ ಹೋಗಿ, ಹಗ್ಗಕ್ಕೆ ಭಾರ ಬಿಡುವ ಮೊದಲು "ಕೂರುತ್ತೇನೆ" ಎಂದು ಕೂಗಿದೆ. ಕೆಳಗೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಹಗ್ಗ ಬಿಗಿಯಾಯಿತು, "ಹಿಡಿದಿದ್ದೇನೆ" ಎಂಬ ನಿನ್ನ ಧ್ವನಿ ಬಂತು.

ಸಂಜೆ ಇಬ್ಬರೂ ಅಜ್ಜನನ್ನು ಹುಡುಕಿಕೊಂಡು ಹೋದೆವು. ಒಗೆದು ಮಡಿಸಿದ್ದ ಪಟಗವನ್ನು ಮೂಗಿಗೆ ಹಿಡಿದು, ಸಾಬೂನಿನ ವಾಸನೆಗೆ ಮುಖ ಸಿಂಡರಿಸಿ ಹೆಗಲಿಗೆ ಹಾಕಿಕೊಂಡರು. ನನ್ನ ಗುರುತು ಅವರಿಗೆ ಹತ್ತಲಿಲ್ಲ. ನಿನ್ನನ್ನು ನೋಡಿ, "ಅಂದು ಅಷ್ಟೊಂದು ಅತ್ತವಳು ನೀನೇ ಅಲ್ಲವೇ? ಈಗ ಕೈ ಹೇಗಿದೆ?" ಎಂದು ಕೇಳಿದರು. ನೀನು ಅಂಗೈ ತೋರಿಸಿದೆ.